ಪ್ಲಗಿನ್ ಇಲ್ಲದೆ ಕ್ಯಾಮೆರಾ: ಅನುಮತಿ ಕೇಳುವವರು ಯಾರು?

ಜಾಲತಾಣವೊಂದು ಕಂಪ್ಯೂಟರಿನ ವೆಬ್‌ಕ್ಯಾಮ್ ಬಳಸಬೇಕಾದರೆ ಬಹುಕಾಲ ಅಡೋಬಿ ಫ್ಲ್ಯಾಶ್ ಪ್ಲೇಯರಿನಂಥ ಪ್ಲಗಿನ್, ಅಂದರೆ ಬ್ರೌಸರಿಗೆ ಹೊರಗಿನಿಂದ ಜೋಡಿಸುವ ತಂತ್ರಾಂಶ, ಅನಿವಾರ್ಯವಾಗಿತ್ತು. ಕ್ಯಾಮೆರಾಕ್ಕೆ ಅನುಮತಿ ಕೇಳುವ ಚೌಕವನ್ನೂ ಫ್ಲ್ಯಾಶ್ ಪುಟದ ಒಳಗೇ ತೋರಿಸುತ್ತಿದ್ದುದರಿಂದ ಅದನ್ನು ಪುಟದ ಇತರ ಭಾಗಗಳಂತೆಯೇ ಮರೆಮಾಚುವುದು ಸಾಧ್ಯವಿತ್ತು. ಈ ದೋಷದ ಗಾಂಭೀರ್ಯ 2008ರಲ್ಲಿ ಬಯಲಾಯಿತು: ಫ್ಲ್ಯಾಶಿನ ಅನುಮತಿ ಪುಟವನ್ನು ಕಣ್ಣಿಗೆ ಕಾಣದಂತೆ ಒಂದು ಆಟದ ಮೇಲೆ ಹೊದಿಸಿ, ಆಟವಾಡುವವರು ಒತ್ತಿದ ಗುಂಡಿಗಳೇ ಕ್ಯಾಮೆರಾಕ್ಕೆ ಒಪ್ಪಿಗೆಯಾಗುವಂತೆ ಮಾಡಬಹುದೆಂದು ಭದ್ರತಾ ತಜ್ಞರು ತೋರಿಸಿಕೊಟ್ಟರು. ‘ಕ್ಲಿಕ್‌ಜಾಕಿಂಗ್’ ಎಂದು ಹೆಸರಾದ ವಂಚನೆ ಇದೇ.

ಗೂಗಲ್ 2011ರಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ ‘ವೆಬ್‌ಆರ್‌ಟಿಸಿ’ ತಂತ್ರಜ್ಞಾನವು ಕ್ಯಾಮೆರಾವನ್ನು ಬ್ರೌಸರಿನ ಸುಪರ್ದಿಗೇ ತಂದಿತು. ಒಪೆರಾ ಮತ್ತು ಕ್ರೋಮ್ 2012ರಲ್ಲಿ, ಫೈರ್‌ಫಾಕ್ಸ್ 2013ರಲ್ಲಿ, ತೀರ ತಡವಾಗಿ ಸಫಾರಿ 2017ರಲ್ಲಿ ಇದರ ಕ್ಯಾಮೆರಾ ಸೌಲಭ್ಯವನ್ನು ಅಳವಡಿಸಿಕೊಂಡವು.

ಈಗಿನ ಕ್ರಮದಲ್ಲಿ ಪುಟದೊಳಗಿನ ಜಾವಾಸ್ಕ್ರಿಪ್ಟ್, ಅಂದರೆ ಪುಟವನ್ನು ನಡೆಸುವ ಸಂಕೇತ (ಕೋಡ್), ‘ಗೆಟ್‌ಯೂಸರ್‌ಮೀಡಿಯಾ’ ಎಂಬ ಆದೇಶದ ಮೂಲಕ, ತನಗೆ ಬೇಕಾದುದು ದೃಶ್ಯವೋ ಧ್ವನಿಯೋ ಎರಡೂ ಸೇರಿಯೋ ಎಂಬುದನ್ನು ಬ್ರೌಸರಿಗೆ ತಿಳಿಸುತ್ತದೆ. ಪುಟವು ‘ಎಚ್‌ಟಿಟಿಪಿಎಸ್’, ಅಂದರೆ ಮಾಹಿತಿಯನ್ನು ಗೂಢಲಿಪಿಯಲ್ಲಿ ಸಾಗಿಸುವ ಸಂಪರ್ಕದ ಮೂಲಕ ಬಂದಿರದಿದ್ದರೆ ಬ್ರೌಸರು ಕೋರಿಕೆಯನ್ನು ಅಲ್ಲಿಗೇ ತಳ್ಳಿಹಾಕುತ್ತದೆ. ಬಂದಿದ್ದರೆ, ಯಾವ ತಾಣ ಕ್ಯಾಮೆರಾ ಕೇಳುತ್ತಿದೆಯೆಂದು ಹೆಸರಿಸಿ, ತನ್ನದೇ ಚೌಕದಲ್ಲಿ ಬಳಕೆದಾರರ ಒಪ್ಪಿಗೆ ಕೇಳುತ್ತದೆ. ಆ ಪ್ರಶ್ನೆಗೆ ಪುಟದ ಯಾವ ಸಂಕೇತವೂ ಬಳಕೆದಾರರ ಪರವಾಗಿ ಉತ್ತರಿಸಲಾರದು. ನಿರಾಕರಿಸಿದರೆ ಪುಟಕ್ಕೆ ದೊರೆಯುವುದು ಒಂದು ದೋಷಸಂದೇಶ ಮಾತ್ರ. ಹೊಸ ವ್ಯವಸ್ಥೆಯ ನಿಜವಾದ ಗೆಲುವು ಇಲ್ಲಿದೆ, ಪ್ಲಗಿನ್ ಅಳವಡಿಸುವ ತೊಂದರೆ ತಪ್ಪಿದ್ದು ಅದರ ಮುಂದೆ ಸಣ್ಣದು.

ಫ್ಲ್ಯಾಶಿಗೆ ಅಡೋಬಿ ನೀಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಮುಂದಿನ ತಿಂಗಳೇ ವೆಬ್‌ಆರ್‌ಟಿಸಿ ಅಧಿಕೃತ ಮಾನದಂಡವಾಯಿತು.

ಆದರೆ ಬ್ರೌಸರೇ ಅನುಮತಿ ಕೇಳುವ ಈ ರಕ್ಷಣೆಗೂ ಒಂದು ಎಲ್ಲೆಯಿದೆ. ಒಪ್ಪಿಗೆ ದೊರೆತ ಮೇಲೆ ತಾಣವು ದೃಶ್ಯವನ್ನು ಪರದೆಯಲ್ಲಷ್ಟೇ ತೋರಿಸುವುದೋ, ತನ್ನ ಸರ್ವರಿಗೆ ಕಳುಹಿಸಿ ಉಳಿಸಿಕೊಳ್ಳುವುದೋ ಎಂಬುದನ್ನು ಬ್ರೌಸರು ನಿರ್ಧರಿಸುವುದಿಲ್ಲ, ಗೂಢಲಿಪಿಯೂ ದೃಶ್ಯವನ್ನು ದಾರಿಯಲ್ಲಿ ಕಾಯುತ್ತದೆಯೇ ಹೊರತು ತಲುಪಿದಲ್ಲಿ ಕಾಯುವುದಿಲ್ಲ. ಅಲ್ಲದೆ, ಶಾಶ್ವತವಾಗಿ ಕೊಟ್ಟ ಒಪ್ಪಿಗೆಯನ್ನು ಬಳಕೆದಾರರು ಮರೆತರೂ ಬ್ರೌಸರು ನೆನಪಿಟ್ಟುಕೊಂಡಿರಬಹುದು. ಆದುದರಿಂದ ಓದುಗರು ತಮ್ಮ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ಆಗಾಗ ನೋಡಿ, ಬೇಡವಾದವನ್ನು ತೆಗೆದುಹಾಕುವುದು ಒಳಿತು.