ಶಹಾಬಾದ್ ಕಲ್ಲಿನ ಮೇಲೆ ಕೆಂಡದಂಥ ಅಂಕಿಗಳು

ಕುಂಚಾವರಂ ಕಾಡಿನ ಅಂಚಿಗಿರುವ ನಮ್ಮ ಮನೆಯಲ್ಲಿ ರಾತ್ರಿ ದೀಪ ಆರಿಸಿದ ಮೇಲೂ ಪಡಸಾಲೆಯಲ್ಲಿ ಒಂದಿಷ್ಟು ಬೆಳಕು ಉಳಿದಿರುತ್ತದೆ. ಒಲೆಯಲ್ಲಿ ಬೂದಿ ಸರಿಸಿದಾಗ ಕಾಣುವ ಕೆಂಡದ ಬಣ್ಣ ಅದಕ್ಕೆ. ಹತ್ತಿರ ಹೋದರೆ ಸಾಲಾಗಿ ನಿಂತ ಆರು ಗಾಜಿನ ಬುರುಡೆಗಳು, ಒಂದೊಂದರಲ್ಲಿ ಉರಿಯುವ ಒಂದೊಂದು ಅಂಕಿ. ನಾನೇ ಕಟ್ಟಿದ ಗಡಿಯಾರ ಇದು. ಇದನ್ನು ಮೊದಲ ಸಲ ನೋಡಿದ ಪಕ್ಕದ ಮನೆಯ ಆಯಿ, "ಇದಕ್ಕ ಎಣ್ಣಿ ಯಾವಾಗ ಹಾಕ್ತೀ ತಮ್ಮಾ?" ಎಂದು ಕೇಳಿದ್ದಳು. ಕಂದೀಲಿನ ಬೆಳಕಿನಲ್ಲಿ ಬೆಳೆದವಳ ಕಣ್ಣು ಅದು. ಈ ಬೆಳಕು ಯಾವ ವಂಶದ್ದೆಂದು ಅವಳಿಗೆ ಕೂಡಲೇ ತಿಳಿಯಿತು. ನಮ್ಮ ಮೊಬೈಲು, ಟಿವಿಗಳ ಬೆಳಕಿನ ವಂಶ ಇದರದಲ್ಲ.

ಈ ಬುರುಡೆಗೆ ನಿಕ್ಸಿ ಟ್ಯೂಬ್ ಎನ್ನುತ್ತಾರೆ. ಒಳಗೆ ತೆಳ್ಳನೆಯ ಲೋಹದಲ್ಲಿ ಮಾಡಿದ ಹತ್ತು ಅಂಕಿಗಳು, ಸೊನ್ನೆಯಿಂದ ಒಂಬತ್ತರವರೆಗೆ, ಒಂದರ ಹಿಂದೊಂದು ಪದರಪದರವಾಗಿ ನಿಂತಿರುತ್ತವೆ. ಅವುಗಳ ಮುಂದೆ ಜಾಲರಿ. ಗಾಳಿ ತೆಗೆದು ನಿಯಾನ್ ಅನಿಲವನ್ನು ಕಡಿಮೆ ಒತ್ತಡದಲ್ಲಿ ತುಂಬಿರುತ್ತಾರೆ. ಜಾಲರಿಗೂ ಒಂದು ಅಂಕಿಗೂ ನಡುವೆ ಸುಮಾರು 170 ವೋಲ್ಟ್ ಕೊಟ್ಟರೆ ಆ ಅಂಕಿಯ ಮೈಗೆ ಅಂಟಿಕೊಂಡಂತೆ ಅನಿಲ ಹೊಳೆಯುತ್ತದೆ. ಇಲ್ಲಿ ಉರಿಯುವುದು ತಂತಿಯಲ್ಲ, ತಂತಿಯ ಸುತ್ತಲಿನ ಅನಿಲ. ಹಾಗಾಗಿ ಬೆಂಕಿಯ ಬಣ್ಣವಿದ್ದರೂ ಬೆಂಕಿಯ ಕಾವಿಲ್ಲ, ಮುಟ್ಟಿದರೆ ಗಾಜು ತುಸು ಬೆಚ್ಚಗಿರುತ್ತದೆ, ಅಷ್ಟೆ. ಪದರಗಳಿರುವುದರಿಂದ ಅಂಕಿ ಬದಲಾದಾಗ ಬೆಳಕು ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಹೆಜ್ಜೆ ಹಾಕುತ್ತದೆ. ಫೋಟೋದಲ್ಲಿ ಅದು ಸಿಗುವುದಿಲ್ಲ, ಎದುರು ಕುಳಿತೇ ನೋಡಬೇಕು.

ಅಮೆರಿಕದ ಬರೋಸ್ ಕಂಪನಿ 1955ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಮುಂದಿನ ಹದಿನೈದು ವರ್ಷ ಪ್ರಯೋಗಾಲಯದ ಮೀಟರುಗಳಲ್ಲಿ, ಮೊದಮೊದಲ ಎಲೆಕ್ಟ್ರಾನಿಕ್ ಕ್ಯಾಲ್ಕುಲೇಟರುಗಳಲ್ಲಿ ಇದೇ ಬೆಳಕು. 1970ರ ದಶಕದಲ್ಲಿ ಅಗ್ಗದ ಎಲ್‌ಇಡಿ ಬಂದು ಇದರ ಕಾಲ ಮುಗಿಯಿತು. ಸೋವಿಯತ್ ಒಕ್ಕೂಟದ ಕಾರ್ಖಾನೆಗಳು ಮಾತ್ರ ಇನ್ನೂ ಬಹಳ ವರ್ಷ ಮಾಡುತ್ತಲೇ ಇದ್ದವು. ಇವತ್ತು ನಮ್ಮಂಥವರ ಕೈಗೆ ಬರುವ ಐಎನ್-12, ಐಎನ್-14 ಟ್ಯೂಬುಗಳು ಅಲ್ಲಿನ ಗೋದಾಮುಗಳಲ್ಲಿ ಉಳಿದ ಹಳೆಯ ಸರಕು. ಗಾಜಿನ ಬುರುಡೆಯೊಳಗೆ ವಿದ್ಯುತ್ತನ್ನು ಪಳಗಿಸುವ ಕಸುಬು ಕನ್ನಡಿಗರಿಗೆ ಹೊಸದೇನಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, 1961ರಿಂದ ಜಾಲಹಳ್ಳಿಯಲ್ಲಿ ರೇಡಿಯೋ ವಾಲ್ವುಗಳನ್ನು ಮಾಡಿತು. ಹಳ್ಳಿಯ ಹಳೆ ರೇಡಿಯೋ ಬಿಚ್ಚಿದರೆ 'ಬಿಇಎಲ್' ಎಂದು ಅಚ್ಚಾದ ವಾಲ್ವ್ ಸಿಗುತ್ತಿದ್ದ ಕಾಲವಿತ್ತು. ನನಗೆ ಗಾಜಿನ ಹುಚ್ಚು ಹಿಡಿದದ್ದೇ ಅಂಥದೊಂದು ರೇಡಿಯೋದಿಂದ.

ನನ್ನದು ಐಎನ್-12. ಪೊಟ್ಟಣ ಬಿಚ್ಚಿ ಒಂದೊಂದೇ ಅಂಕಿ ಹೊತ್ತಿಸಿ ನೋಡುವಾಗ ಐದರ ಆಕಾರ ಎಲ್ಲೋ ಕಂಡದ್ದು ಅನಿಸಿತು. ನೋಡಿದರೆ ಅದು ತಲೆಕೆಳಗಾದ ಎರಡು! ಎರಡರ ಅಚ್ಚಿನಲ್ಲೇ ಐದನ್ನೂ ಮಾಡಿ ಮುಗಿಸಿದ್ದಾರೆ. ಯಾವುದೋ ಕಾರ್ಖಾನೆಯ ಯಾರದೋ ಮಿತವ್ಯಯ ಇಷ್ಟು ವರ್ಷದ ಮೇಲೆ ನಮ್ಮ ಪಡಸಾಲೆಯಲ್ಲಿ ಬೆಳಗುತ್ತದೆ.

ಉಳಿದ ಸಾಮಾನಿಗೆ ನಮಗೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ಹೈದರಾಬಾದಿನ ಕೋಠಿ ಹತ್ತಿರ. ಅಲ್ಲಿನ ಗುಜರಾತಿ ಗಲ್ಲಿಯಲ್ಲಿ ರೆಸಿಸ್ಟರ್, ಕಾಯಿಲ್, ಮಾಸ್‌ಫೆಟ್ ಎಲ್ಲ ಸಿಗುತ್ತವೆ. 12 ವೋಲ್ಟಿನ ಅಡಾಪ್ಟರಿನಿಂದ 180 ವೋಲ್ಟ್ ಎಬ್ಬಿಸಬೇಕು. ಕಾಯಿಲಿಗೆ ಕರೆಂಟ್ ಕೊಟ್ಟು, ಮಾಸ್‌ಫೆಟ್‌ನಿಂದ ಸೆಕೆಂಡಿಗೆ ಸಾವಿರಾರು ಸಲ ಥಟ್ಟನೆ ಕಡಿದರೆ ಪ್ರತಿ ಸಲವೂ ಕಾಯಿಲ್ ವೋಲ್ಟೇಜನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಅದನ್ನು ಡಯೋಡ್ ಮೂಲಕ ಹಾಯಿಸಿ ಕೆಪಾಸಿಟರಿನಲ್ಲಿ ಕೂಡಿಡುವುದು. ಹೊತ್ತಿದ ಟ್ಯೂಬು ತನ್ನ ಮೇಲೆ ಸುಮಾರು 140 ವೋಲ್ಟ್ ಇಟ್ಟುಕೊಳ್ಳುತ್ತದೆ. ಉಳಿದ 40 ವೋಲ್ಟನ್ನು ರೆಸಿಸ್ಟರ್ ಹೊರಬೇಕು. ಟ್ಯೂಬಿಗೆ 2.5 ಮಿಲಿಆಂಪಿಯರ್ ಸಾಕಾದ್ದರಿಂದ ಲೆಕ್ಕ 16 ಕಿಲೋಓಮ್‌ಗೆ ಬಂದು ನಿಲ್ಲುತ್ತದೆ. ಈ ರೆಸಿಸ್ಟರ್ ಮರೆತರೆ ಟ್ಯೂಬು ತನಗೆ ತಾನೇ ಕರೆಂಟ್ ಎಳೆದುಕೊಂಡು ಸಾಯುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವೋಲ್ಟೇಜ್ ಉಳಿದಿರುತ್ತದೆ. ಅದನ್ನು ಬರಿದು ಮಾಡುವ ರೆಸಿಸ್ಟರೊಂದನ್ನು ಹಾಕದೆ, ಮೀಟರ್ ಹಿಡಿದು ನೋಡದೆ ಬೋರ್ಡಿಗೆ ಕೈ ಹಚ್ಚಬಾರದು. ಈ ಕೆಲಸಕ್ಕೆ ಇಳಿಯುವ ಹುಡುಗರಿಗೆ ನಾನು ಮೊದಲು ಹೇಳುವುದೇ ಇದನ್ನು.

ಅಂಕಿ ಹೊತ್ತಿತು, ಸಮಯ ಎಲ್ಲಿಂದ ತರುವುದು? ಹಳೆಯ ವಿದೇಶಿ ನಕ್ಷೆಗಳು ಮನೆಯ ಕರೆಂಟನ್ನೇ ನಂಬುತ್ತವೆ: ಸೆಕೆಂಡಿಗೆ 50 ಸಲ ಮಿಡಿಯುತ್ತದೆ, ಎಣಿಸಿಕೊಂಡರೆ ಆಯಿತು. ನಮ್ಮಲ್ಲಿ ಆ ನಂಬಿಕೆ ನಡೆಯುವುದಿಲ್ಲ. ಮಿಡಿತ 49.5ಕ್ಕೆ ಇಳಿದು ನಿಂತರೆ ಗಡಿಯಾರ ದಿನಕ್ಕೆ 14 ನಿಮಿಷ 24 ಸೆಕೆಂಡ್ ಹಿಂದೆ ಬೀಳುತ್ತದೆ. 2013ರ ಡಿಸೆಂಬರ್ 31ರಂದು ನಮ್ಮ ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ಲೈನ್ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಕೂಡಿಕೊಂಡಿತು. ಈಗ ಮಿಡಿತ 50ರ ಆಸುಪಾಸಿನಲ್ಲೇ ಇರುತ್ತದೆ, ಆದರೂ ಗಡಿಯಾರಕ್ಕೆ ಬೇಕಾದಷ್ಟು ಬಿಗಿಯಾಗಿ ಅಲ್ಲ. ಹಾಗಾಗಿ ಸ್ಫಟಿಕ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ತುಣುಕಿನ ಎಣಿಕೆಯನ್ನು ಹದಿನೈದು ಸಲ ಅರ್ಧರ್ಧ ಮಾಡಿದರೆ ಸರಿಯಾಗಿ ಒಂದು ಸೆಕೆಂಡ್. ಅದಕ್ಕೂ ನಮ್ಮ ಬಿಸಿಲು ಆಗಿಬರದು. 25 ಡಿಗ್ರಿಯಲ್ಲಿ ಸರಿಯಾಗಿ ನಡೆಯುವ ಸ್ಫಟಿಕ ಕಲಬುರಗಿ ಜಿಲ್ಲೆಯ ಮೇ ತಿಂಗಳ 45 ಡಿಗ್ರಿಯಲ್ಲಿ ದಿನಕ್ಕೆ ಒಂದು ಸೆಕೆಂಡಿಗೂ ಮಿಕ್ಕಿ ಹಿಂದೆ ಬೀಳುತ್ತದೆ. ತನ್ನ ಉಷ್ಣತೆಯನ್ನು ತಾನೇ ಅಳೆದು ತಿದ್ದಿಕೊಳ್ಳುವ ಡಿಎಸ್3231 ಎಂಬ ಚಿಪ್ ಹಾಕಿದ ಮೇಲೆ ಆ ಚಿಂತೆ ಹೋಯಿತು.

ಟ್ಯೂಬಿಗೊಂದು ರೋಗವಿದೆ. ಉರಿಯುವ ಅಂಕಿಯಿಂದ ಸಿಡಿದ ಲೋಹದ ಕಣಗಳು ಉರಿಯದ ಅಂಕಿಗಳ ಮೇಲೆ ಕೂರುತ್ತವೆ. ಗಂಟೆಯ ಮೊದಲ ಟ್ಯೂಬು 0, 1, 2 ಬಿಟ್ಟು ಬೇರೇನನ್ನೂ ತೋರಿಸುವುದಿಲ್ಲವಲ್ಲ, ಅದರ ಉಳಿದ ಏಳು ಅಂಕಿಗಳು ಕೆಲಸವಿಲ್ಲದೆ ಮಂಕಾಗುತ್ತವೆ. ಅದಕ್ಕೇ ರಾತ್ರಿ ಮೂರು ಗಂಟೆಗೆ ನನ್ನ ಗಡಿಯಾರ ಕೆಲವು ನಿಮಿಷ ಎಲ್ಲ ಅಂಕಿಗಳನ್ನೂ ಸರದಿಯ ಮೇಲೆ ಹೊತ್ತಿಸುತ್ತದೆ.

ಪೀಠಕ್ಕೆ ಶಹಾಬಾದ್ ಕಲ್ಲೇ ಆಗಬೇಕೆಂದು ನನ್ನ ಹಟ. ನಮ್ಮ ಭಾಗದ ನೆಲ, ಮಾಡು, ಕಟ್ಟೆ ಎಲ್ಲವೂ ಈ ಸುಣ್ಣಕಲ್ಲಿನದೇ. ಒಣಗಿದ ಕಲ್ಲಿನಲ್ಲಿ ಕರೆಂಟ್ ಹರಿಯುವುದಿಲ್ಲ, ಭಾರಕ್ಕೆ ಗಡಿಯಾರ ಅಲುಗುವುದಿಲ್ಲ. ಕಲ್ಲು ಕೊರೆಯುವವನು, "ನೀರು ಬಿಟಗೋತ ತೂತು ಹಾಕಬೇಕ್ರಿ ಅಣ್ಣಾರ, ಇಲ್ಲಂದ್ರ ಪದರ ಏಳ್ತದ" ಎಂದ. ಮೊದಲೆರಡು ಹಾಸು ಪದರ ಎದ್ದೇ ಹೋದವು. ಮೂರನೆಯದು ನಿಂತಿತು. ಬೂದುಗಪ್ಪು ಕಲ್ಲಿನ ನುಣುಪಿನಲ್ಲಿ ಅಂಕಿಗಳ ನೆರಳು ನೀರಲ್ಲಿ ದೀಪ ಕಂಡಂತೆ ಕಾಣುತ್ತದೆ.

ಒಂದು ಆಸೆ ಮಾತ್ರ ಉಳಿದಿದೆ. ಎಲ್‌ಇಡಿಯ ಅಂಕಿಗಳು ಏಳು ಕಡ್ಡಿಗಳಿಂದ ಆದವು. ಆ ಏಳು ಕಡ್ಡಿಯಲ್ಲಿ 8 ಬರೆಯಬಹುದು, ೩ರ ಬಾಗು ಬರದು, ೬ರ ಸುರುಳಿ ಬರದು, ೯ರ ಬಾಲ ಬರದು. ನಿಕ್ಸಿಯಲ್ಲಿ ಹಾಗಲ್ಲ. ಪ್ರತಿ ಅಂಕಿಗೂ ತನ್ನದೇ ಲೋಹ, ತನ್ನದೇ ಆಕಾರ. ಕನ್ನಡದ ಅಂಕಿಗಳು ತಮ್ಮ ಬಳುಕಿನಲ್ಲೇ ಉರಿಯಬಹುದು. ಜೆಕ್ ದೇಶದ ದಾಲಿಬೋರ್ ಫಾರ್ನಿ ಎಂಬಾತ ಮರೆತುಹೋದ ಈ ವಿದ್ಯೆಯನ್ನು ಮತ್ತೆ ಕಲಿತು ಹೊಸ ನಿಕ್ಸಿಗಳನ್ನು ಕೈಯಿಂದಲೇ ಮಾಡುತ್ತಿದ್ದಾನೆ. ಅಂದರೆ ಇದು ಆಗದ ಕೆಲಸವಲ್ಲ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಲೆಕ್ಕಕ್ಕೆ ಇಷ್ಟು ಹಳೆಯ ನೆಲದಲ್ಲಿ ೧ರಿಂದ ೯ರವರೆಗಿನ ಬಳುಕುಗಳನ್ನು ತೆಳು ತಗಡಿನಲ್ಲಿ ಕೊರೆದು, ಯಾವುದರ ಹಿಂದೆ ಯಾವುದನ್ನು ನಿಲ್ಲಿಸಿದರೆ ಕಡಿಮೆ ಮರೆಯಾಗುತ್ತದೆಂದು ಕಾಗದದ ಮೇಲೆ ಜೋಡಿಸಿ ನೋಡುತ್ತಿದ್ದೇನೆ.

ಸದ್ಯಕ್ಕೆ ಗಡಿಯಾರದ ಬೆನ್ನಿಗೆ ಒಂದು ಗುಂಡಿ ಇಟ್ಟಿದ್ದೇನೆ. ನಾವು ನೋಡುವ ಸಮಯ 82.5 ಡಿಗ್ರಿ ರೇಖಾಂಶದ್ದು, 1906ರ ಜನವರಿ 1ರಿಂದ ಬಂದದ್ದು. ಅದಕ್ಕೂ ಮೊದಲು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹೊರಟ ಕಾಲಕ್ಕೆ, ರೈಲಿನದು ಮದ್ರಾಸ್ ಸಮಯ, ಊರಿನದು ಸೂರ್ಯನ ಸಮಯ. ಕುಂಚಾವರಂ ಇರುವುದು ಆ ರೇಖೆಗಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಮಧ್ಯಾಹ್ನ 20 ನಿಮಿಷ ತಡ. ಗುಂಡಿ ಒತ್ತಿದರೆ ಟ್ಯೂಬುಗಳು ಅಷ್ಟನ್ನು ಕಳೆದು ನಮ್ಮೂರಿನ ಹೊತ್ತು ತೋರಿಸುತ್ತವೆ.

ಏಪ್ರಿಲ್ ನಡುವಿನಲ್ಲಿ ಸೂರ್ಯನ ಗತಿಯ ಏರುಪೇರು ಸೊನ್ನೆಗೆ ಬರುತ್ತದೆಂದು ಆ ದಿನವೇ ಅಂಗಳದಲ್ಲಿ ಕೋಲು ನೆಟ್ಟೆ. ಕಟ್ಟೆಯ ಮೇಲೆ ಆಯಿ ಕೊಡೆ ಹಿಡಿದು ಕುಳಿತಿದ್ದಳು. ಮೊಬೈಲು 12.20 ಎನ್ನುವಾಗ ಕೋಲಿನ ಮೋಟು ನೆರಳು ನೇರ ಉತ್ತರಕ್ಕೆ ಬಂತು. ಒಳಗೆ ಓಡಿ ಗುಂಡಿ ಒತ್ತಿದೆ. ಆರೂ ಬುರುಡೆ ಒಮ್ಮೆ ಮಿನುಗಿ 12, 00, 04 ಎಂದು ಹೊತ್ತಿಕೊಂಡವು.