ನಿಮಗಿದು ಗೊತ್ತೇ? – ಪುಟ್ಟ ಪೆಟ್ಟಿಗೆಯಲ್ಲಿ ಗುಡುಗು

● ನಮ್ಮ ಕಿವಿಗೆ ಕೇಳುವ ಅತಿ ತಗ್ಗಿನ ಸದ್ದು ಸುಮಾರು 20 ಹರ್ಟ್ಸ್. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದವೇ 17 ಮೀಟರ್! ಅಂಗೈಯಗಲದ ಸ್ಪೀಕರ್ ಬಾಸ್‌ಗೆ ತಿಣುಕುವುದು ಸುಮ್ಮನೆ ಅಲ್ಲ.

● ಪೂರ್ತಿ ಮುಚ್ಚಿದ ಪೆಟ್ಟಿಗೆಯ ಸ್ಪೀಕರ್‌ಗೆ ತನ್ನದೇ ಒಂದು ಅನುರಣನ ಆವರ್ತನ ಇರುತ್ತದೆ. ಅದಕ್ಕಿಂತ ಕೆಳಗೆ ಸ್ಥಾಯಿಗೆ (ಆವರ್ತನ ಅರ್ಧವಾದಾಗಲೆಲ್ಲ) 12 ಡೆಸಿಬೆಲ್‌ನಂತೆ ದನಿ ಕುಸಿಯುತ್ತದೆ. ಪೋರ್ಟ್ (ಗಾಳಿಯಾಡುವ ಕೊಳವೆ) ಇರುವ ಪೆಟ್ಟಿಗೆಯಲ್ಲಿ ಕುಸಿತ 24 ಡೆಸಿಬೆಲ್.

● ಎಷ್ಟು ಕುಸಿಯುತ್ತದೆಂದು ಗೊತ್ತಿದ್ದರೆ ಅಷ್ಟನ್ನೇ ಮೊದಲೇ ಎತ್ತಿ ಕೊಡಬಹುದಲ್ಲ? ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ದುಡಿದ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಹೆಸರಿನ ‘ಲಿಂಕ್‌ವಿಟ್ಜ್ ಟ್ರಾನ್ಸ್‌ಫಾರ್ಮ್’ ಮುಚ್ಚಿದ ಪೆಟ್ಟಿಗೆಗೆ ಮಾಡುವುದು ಇದನ್ನೇ. ಒಂದು ಆಪ್-ಆಂಪ್, ಕೆಲವು ರೆಸಿಸ್ಟರ್, ಕೆಪಾಸಿಟರ್ ಇದ್ದರೆ ಸರ್ಕ್ಯೂಟ್ ಸಿದ್ಧ. ಅದರ ಜಾಗ ಆಂಪ್ಲಿಫೈಯರ್‌ಗಿಂತ ಮುಂಚೆ.

● ಆದರೆ ಬಾಸ್ ಬಿಟ್ಟಿ ಬರುವುದಿಲ್ಲ. 60 ಹರ್ಟ್ಸ್‌ಗೆ ಸುಸ್ತಾಗುವ ಪೆಟ್ಟಿಗೆಯನ್ನು 30ಕ್ಕೆ ಇಳಿಸಲು ತಳದಲ್ಲಿ 12 ಡೆಸಿಬೆಲ್ ಎತ್ತಬೇಕು. ಅಂದರೆ ಅಲ್ಲಿ 16 ಪಟ್ಟು ವಿದ್ಯುತ್: 10 ವ್ಯಾಟ್ ಸಾಕಿದ್ದಲ್ಲಿ 160 ವ್ಯಾಟ್!

● ಕೋನ್‌ಗೂ ಬಿಡುವಿಲ್ಲ. ಅಷ್ಟೇ ಸದ್ದನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಲು ಅದು ನಾಲ್ಕು ಪಟ್ಟು ದೂರ ಓಡಾಡಬೇಕು. 2 ಮಿಲಿಮೀಟರ್ ಇದ್ದದ್ದು 8 ಆಗುತ್ತದೆ.

● ಪೋರ್ಟ್ ಪೆಟ್ಟಿಗೆಯ ಲೆಕ್ಕಾಚಾರವನ್ನು 1961ರಲ್ಲಿ ಹಾಕಿಕೊಟ್ಟವರು ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್. ಜತೆಗೊಂದು ಫಿಲ್ಟರ್ ಸೇರಿಸುವ ವಿನ್ಯಾಸಗಳೂ ಅದರಲ್ಲಿದ್ದವು. ಅಂಥದ್ದೊಂದು ಫಿಲ್ಟರ್‌ಗೆ ಎರಡು ಕೆಲಸ. ಪೋರ್ಟ್‌ನ ಆವರ್ತನದ ಬಳಿ ಸುಮಾರು 6 ಡೆಸಿಬೆಲ್ ಎತ್ತುವುದು, ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು. ಕತ್ತರಿಸದಿದ್ದರೆ, ಗಾಳಿಯ ತಡೆ ಸಿಗದ ಕೋನ್ ಅಂಕೆ ತಪ್ಪಿ ಕುಣಿಯುತ್ತದೆ.

● 1968ರ ಬೋಸ್ 901 ಸ್ಪೀಕರ್‌ನಲ್ಲಿ ಬಾಸ್ ನುಡಿಸುವ ದೊಡ್ಡ ವೂಫರೇ ಇರಲಿಲ್ಲ! ಮುಂದೆ ಒಂದು, ಹಿಂದೆ ಎಂಟು ಪುಟ್ಟ ಸ್ಪೀಕರ್‌ಗಳು. ಬಾಸ್ ಎತ್ತುವ ಹೊಣೆ ಜತೆಗೆ ಬರುತ್ತಿದ್ದ ಈಕ್ವಲೈಸರ್‌ನದು.

● ಸದ್ದು ಸಣ್ಣದಾದಷ್ಟೂ ಕಿವಿಗೆ ಬಾಸ್ ಹೆಚ್ಚು ಮಂಕಾಗುತ್ತದೆ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು ಇದನ್ನು ಅಳೆದು ತೋರಿಸಿದರು. ಹಳೆಯ ಸ್ಟೀರಿಯೊಗಳ ‘ಲೌಡ್‌ನೆಸ್’ ಗುಂಡಿ ಈ ಕೊರತೆ ತುಂಬಲೆಂದೇ ಇತ್ತು.

● ಬಾಸ್ ಏರಿಸಿದಾಗ ಸ್ಪೀಕರ್ ಒಳಗಿಂದ ‘ಟಕ್ ಟಕ್’ ಎಂದರೆ ಅದು ತಾಳವಲ್ಲ, ಕೋನ್ ಓಡಾಡಿಸುವ ತಂತಿಸುರುಳಿ (ವಾಯ್ಸ್ ಕಾಯಿಲ್) ತಳಕ್ಕೆ ಬಡಿಯುವ ಸದ್ದು. ಹಾಸಿಗೆ ಮುಗಿದಿದೆ, ಕಾಲು ಮಡಚಿ, ಬಾಸ್ ಇಳಿಸಿ!