ಮಧ್ಯಸ್ಥನ ಬಲ ಮತ್ತು ಮಿತಿ: ಪ್ಯಾಲೆಸ್ಟೈನ್ ಪ್ರಶ್ನೆಯಲ್ಲಿ ಅಮೇರಿಕ

೧

ಭಾರತವು ಇಸ್ರೇಲ್ ರಾಷ್ಟ್ರಕ್ಕೆ ಮನ್ನಣೆಯಿತ್ತುದು ೧೯೫೦ರ ಸೆಪ್ಟೆಂಬರ್ ೧೭ರಂದು. ಪೂರ್ಣ ರಾಯಭಾರ ಸಂಬಂಧ ಏರ್ಪಟ್ಟುದು ೧೯೯೨ರ ಜನವರಿ ೨೯ರಂದು. ನಡುವಣ ನಾಲ್ವತ್ತೊಂದು ವರ್ಷಗಳಲ್ಲಿ ದಿಲ್ಲಿಯಲ್ಲಿ ಇಸ್ರೇಲಿನ ರಾಯಭಾರಿ ಇರಲಿಲ್ಲ. ೧೯೫೩ರಲ್ಲಿ ನಮ್ಮ ಮುಂಬಯಿಯಲ್ಲಿ ತೆರೆದ ಕಾನ್ಸುಲೇಟೊಂದೇ ಭಾರತದಲ್ಲಿ ಆ ದೇಶಕ್ಕಿದ್ದ ಅಧಿಕೃತ ನೆಲೆ. ಕೊಂಕಣದ ಕರಾವಳಿಯಿಂದ ಈ ನಗರಕ್ಕೆ ಬಂದು, ಮರಾಠಿಯನ್ನೇ ಮನೆಮಾತಾಗಿಸಿಕೊಂಡಿದ್ದ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ವಲಸೆಯ ಕಾಗದಪತ್ರಗಳಿಗಾಗಿ ಆಶ್ರಯಿಸಬೇಕಾಗಿದ್ದುದು ಇದೇ ಕಚೇರಿಯನ್ನು.

ಮನ್ನಣೆ ಕೊಟ್ಟೂ ರಾಯಭಾರಿಯನ್ನು ಕಳುಹದ ಈ ಅರೆಸಂಬಂಧದ ಬೇರು ೧೯೪೭ರಲ್ಲಿದೆ. ವಿಶ್ವಸಂಸ್ಥೆ ನೇಮಿಸಿದ ಹನ್ನೊಂದು ರಾಷ್ಟ್ರಗಳ ಸಮಿತಿಯಲ್ಲಿ ಭಾರತ, ಇರಾನ್ ಮತ್ತು ಯುಗೊಸ್ಲಾವಿಯಗಳು ವಿಭಜನೆಯನ್ನು ಒಪ್ಪದೆ, ಅರಬರೂ ಯಹೂದಿಗಳೂ ಕೂಡಿರಬಲ್ಲ ಒಂದು ಸಂಯುಕ್ತ ರಾಜ್ಯವನ್ನು ಸೂಚಿಸಿದುವು. ಆ ವರ್ಷದ ನವೆಂಬರ್ ೨೯ರಂದು ಮಹಾಸಭೆಯು ೩೩ಕ್ಕೆ ೧೩ ಮತಗಳಿಂದ ವಿಭಜನೆಯನ್ನೇ ಅಂಗೀಕರಿಸಿತು. ಭಾರತದ ಮತ ವಿರುದ್ಧವಾಗಿತ್ತು. ಮುಂದೆ ೧೯೭೪ರಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯನ್ನೂ, ೧೯೮೮ರಲ್ಲಿ ಪ್ಯಾಲೆಸ್ಟೈನ್ ರಾಷ್ಟ್ರವನ್ನೂ ಭಾರತ ಮನ್ನಿಸಿತು.

ಹಾಗಾದರೆ ೧೯೯೨ರಲ್ಲಿ ಬದಲಾದುದೇನು? ಸೋವಿಯೆತ್ ಒಕ್ಕೂಟ ಕುಸಿದುದು ಒಂದು ಕಾರಣ. ಅದಕ್ಕಿಂತ ನೇರವಾದ ಕಾರಣವೆಂದರೆ, ೧೯೯೧ರ ಅಕ್ಟೋಬರ್ ೩೦ರಂದು ಅಮೇರಿಕದ ಮುಂದಾಳುತನದಲ್ಲಿ ಮಾಡ್ರಿಡ್ ನಗರದಲ್ಲಿ ಸೇರಿದ ಶಾಂತಿ ಪರಿಷತ್ತು. ಅಲ್ಲಿ ಪ್ಯಾಲೆಸ್ಟೈನಿನ ಪ್ರತಿನಿಧಿಗಳೇ ಇಸ್ರೇಲಿನೊಡನೆ ಒಂದೇ ಮೇಜಿಗೆ ಕುಳಿತ ಮೇಲೆ, ದಿಲ್ಲಿ ದೂರ ನಿಲ್ಲುವುದಕ್ಕೆ ಆಧಾರವುಳಿಯಲಿಲ್ಲ. ಹೀಗೆ ವಾಷಿಂಗ್ಟನ್ನಿನ ಸಂಧಾನವೊಂದು ಮುಂಬಯಿಯ ಒಂದು ಕಚೇರಿಯ ಏಕಾಕಿತನವನ್ನು ಕೊನೆಗೊಳಿಸಿತು. ಆ ಸಂಧಾನವು ಭಾರತದ ನೀತಿಯನ್ನು ಬದಲಿಸಬಲ್ಲಷ್ಟು ಬಲವುಳ್ಳದ್ದಾಗಿತ್ತು. ಆದರೂ ತಾನು ಉದ್ದೇಶಿಸಿದ ಶಾಂತಿಯನ್ನು ತರಲು ಅದಕ್ಕೆ ಸಾಧ್ಯವಾಗಲಿಲ್ಲವೇಕೆ? ಈ ಪ್ರಶ್ನೆಯ ವಿವೇಚನೆಯೇ ಪ್ರಸ್ತುತ ಲೇಖನದ ಉದ್ದೇಶ.

೨

ಮಧ್ಯಸ್ಥನೆಂದರೆ ತೀರ್ಪು ಕೊಡುವವನಲ್ಲ. ನ್ಯಾಯಾಧೀಶನ ಹಿಂದೆ ಕಾನೂನಿನ ಬಲವುಂಟು. ಮಧ್ಯಸ್ಥನಿಗೆ ಉಭಯ ಪಕ್ಷಗಳ ಸಮ್ಮತಿಯೇ ಬಲ. ಆ ಸಮ್ಮತಿಯನ್ನು ಪಡೆಯಲು ಅವನಿಗಿರುವ ಸಾಧನಗಳು ಮೂರು: ಮಾತಿನ ಜಾಣ್ಮೆ, ಕೈಯಲ್ಲಿರುವ ಹಣ, ಮತ್ತು ಕೊಟ್ಟ ಮಾತಿಗೆ ತಾನೇ ಹೊಣೆಯಾಗಿ ನಿಲ್ಲುವ ಶಕ್ತಿ. ೧೯೪೯ರ ಯುದ್ಧವಿರಾಮ ಕರಾರುಗಳನ್ನು ಸಾಧಿಸಿದ ರಾಲ್ಫ್ ಬಂಚ್ ಅಮೇರಿಕದವರೇ ಆದರೂ ವಿಶ್ವಸಂಸ್ಥೆಯ ಅಧಿಕಾರಿ. ಅವರಲ್ಲಿದ್ದುದು ಮುಖ್ಯವಾಗಿ ಮೊದಲನೆಯ ಸಾಧನ. ೧೯೫೦ರ ನೊಬೆಲ್ ಶಾಂತಿ ಪಾರಿತೋಷಕ ಅವರಿಗೆ ದೊರೆಯಿತು. ಆದರೆ ಯುದ್ಧವಿರಾಮವು ಶಾಂತಿಯಾಗಿ ಮಾರ್ಪಡಲಿಲ್ಲ.

ಮೂರು ಸಾಧನಗಳೂ ಒಂದುಗೂಡಿದುದು ೧೯೭೩ರ ಯುದ್ಧದ ಬಳಿಕ. ೧೯೭೫ರ ಸಿನಾಯ್ ಒಪ್ಪಂದದಲ್ಲಿ ಇಸ್ರೇಲ್ ಹಿಂದೆ ಸರಿಯುವುದಕ್ಕೆ ಪ್ರತಿಯಾಗಿ, ಆಯಕಟ್ಟಿನ ಕಣಿವೆಗಳಲ್ಲಿ ಕಾವಲು ನಿಲ್ಲಲು ೨೦೦ರವರೆಗೆ ತನ್ನ ನಾಗರಿಕ ತಂತ್ರಜ್ಞರನ್ನು ಕಳುಹಲು ಅಮೇರಿಕ ಒಪ್ಪಿತು; ಇಸ್ರೇಲಿಗೆ ತೈಲ ಪೂರೈಕೆಯ ಭರವಸೆಯನ್ನೂ ನೀಡಿತು. ೧೯೭೮ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕಾರ್ಟರ್ ಅವರು ಈಜಿಪ್ತಿನ ಸಾದತ್ ಮತ್ತು ಇಸ್ರೇಲಿನ ಬೆಗಿನ್ ಅವರನ್ನು ಹದಿಮೂರು ದಿನಗಳ ಕಾಲ ಕ್ಯಾಂಪ್ ಡೇವಿಡ್ಡಿನಲ್ಲಿ ಇರಿಸಿಕೊಂಡು ಸಂಧಾನ ನಡೆಸಿದರು. ೧೯೭೯ರ ಮಾರ್ಚ್ ೨೬ರಂದು ಸಹಿಯಾದ ಆ ಒಡಂಬಡಿಕೆ ಇಂದಿಗೂ ಮುರಿದಿಲ್ಲ. ೧೯೮೨ರ ಏಪ್ರಿಲ್ ವೇಳೆಗೆ ಸಿನಾಯ್ ಈಜಿಪ್ತಿಗೆ ಮರಳಿತು.

ಇದು ಸಾಧ್ಯವಾದುದೇಕೆ? ಎರಡೂ ಕಡೆ ಸ್ಥಾಪಿತ ರಾಷ್ಟ್ರಗಳಿದ್ದುವು. ಒಬ್ಬರ ಬಳಿ ಕೊಡಲು ನೆಲವಿತ್ತು, ಇನ್ನೊಬ್ಬರ ಬಳಿ ಕೊಡಲು ಮನ್ನಣೆಯೂ ಶಾಂತಿಯೂ ಇದ್ದುವು. ಕೊರೆ ಬಿದ್ದುದನ್ನು ಮಧ್ಯಸ್ಥನು ತನ್ನ ಬೊಕ್ಕಸದಿಂದ ತುಂಬಿಕೊಟ್ಟನು. ಆದರೆ ಅದೇ ಕ್ಯಾಂಪ್ ಡೇವಿಡ್ಡಿನಲ್ಲಿ ಸಿದ್ಧವಾದ ಇನ್ನೊಂದು ಪತ್ರ, ಅಂದರೆ ಜೋರ್ಡಾನ್ ನದಿಯ ಪಶ್ಚಿಮ ದಂಡೆ ಮತ್ತು ಗಾಜಾಗಳ ಜನರಿಗೆ ಸ್ವಾಯತ್ತತೆಯನ್ನು ಕುರಿತ ಪತ್ರ, ಕಾಗದದಲ್ಲಿಯೇ ಉಳಿಯಿತು. ಆ ಮಾತುಕತೆಯಲ್ಲಿ ಪ್ಯಾಲೆಸ್ಟೈನಿಗರೇ ಇರಲಿಲ್ಲ.

೩

ಇಲ್ಲಿಯೇ ಅಮೇರಿಕದ ಸಂಧಾನದ ಮೂಲಭೂತ ತೊಡಕು ಕಾಣುತ್ತದೆ. ೧೯೬೭ರ ಯುದ್ಧಾನಂತರ ಭದ್ರತಾ ಮಂಡಲಿ ಅಂಗೀಕರಿಸಿದ ೨೪೨ನೆಯ ನಿರ್ಣಯವು ಶಾಂತಿಗೆ ಬದಲಾಗಿ ನೆಲವೆಂಬ ಸೂತ್ರಕ್ಕೆ ಆಧಾರವಾಯಿತು. ಆದರೆ ಅದರಲ್ಲಿ ಪ್ಯಾಲೆಸ್ಟೈನಿಗರ ಹೆಸರಿಲ್ಲ, ನಿರಾಶ್ರಿತರ ಸಮಸ್ಯೆಯ ಉಲ್ಲೇಖ ಮಾತ್ರವುಂಟು. ವಿಮೋಚನಾ ಸಂಘಟನೆಯು ಇಸ್ರೇಲಿನ ಅಸ್ತಿತ್ವವನ್ನು ಒಪ್ಪುವವರೆಗೆ ಅದರೊಡನೆ ಸಂಧಾನವಿಲ್ಲವೆಂದು ೧೯೭೫ರಲ್ಲಿ ಅಮೇರಿಕ ಇಸ್ರೇಲಿಗೆ ಮಾತು ಕೊಟ್ಟಿತು. ೧೯೮೮ರ ಡಿಸೆಂಬರಿನವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು. ಮಾಡ್ರಿಡ್ಡಿನಲ್ಲಿಯೂ ಪ್ಯಾಲೆಸ್ಟೈನಿಗರು ಬಂದುದು ಜೋರ್ಡಾನಿನೊಡನೆ ಕೂಡಿದ ನಿಯೋಗದ ಅಂಗವಾಗಿಯೇ.

ನಾರ್ವೆ ದೇಶದಲ್ಲಿ ಗುಪ್ತವಾಗಿ ಕುದುರಿ, ೧೯೯೩ರ ಸೆಪ್ಟೆಂಬರ್ ೧೩ರಂದು ವಾಷಿಂಗ್ಟನ್ನಿನಲ್ಲಿ ಸಹಿಯಾದ ಆಸ್ಲೋ ಕರಾರು ಈ ಕೊರತೆಯನ್ನು ನೀಗಿಸಬಹುದೆಂಬ ಆಶೆ ಹುಟ್ಟಿತು. ಆದರೆ ಅದಕ್ಕೆ ನಾಲ್ಕು ದಿನ ಮೊದಲು ವಿನಿಮಯವಾದ ಪತ್ರಗಳನ್ನು ಗಮನಿಸಬೇಕು. ಅರಾಫತ್ ಅವರು ಇಸ್ರೇಲ್ ರಾಷ್ಟ್ರದ ಅಸ್ತಿತ್ವದ ಹಕ್ಕನ್ನು ಒಪ್ಪಿದರು. ರಬೀನ್ ಅವರು ವಿಮೋಚನಾ ಸಂಘಟನೆಯನ್ನು ಪ್ಯಾಲೆಸ್ಟೈನ್ ಜನರ ಪ್ರತಿನಿಧಿಯೆಂದು ಒಪ್ಪಿದರು. ರಾಷ್ಟ್ರಕ್ಕೆ ಪ್ರತಿಯಾಗಿ ರಾಷ್ಟ್ರವಲ್ಲ, ರಾಷ್ಟ್ರಕ್ಕೆ ಪ್ರತಿಯಾಗಿ ಒಂದು ಸಂಘಟನೆ. ಜೆರೂಸಲೇಮ್, ನಿರಾಶ್ರಿತರು, ವಸಾಹತುಗಳು, ಭದ್ರತೆ, ಗಡಿ, ಈ ಐದು ಕಠಿನ ಪ್ರಶ್ನೆಗಳನ್ನು ಐದು ವರ್ಷಗಳ ಮಧ್ಯಂತರ ಅವಧಿಯ ಕೊನೆಗೆ ಮುಂದೂಡಲಾಯಿತು.

ಮುಂದೂಡಿದ ಪ್ರಶ್ನೆ ಇದ್ದಲ್ಲಿಯೇ ಇರುವುದಿಲ್ಲ. ೧೯೯೩ರಲ್ಲಿ ಪಶ್ಚಿಮ ದಂಡೆಯಲ್ಲಿ ಇಸ್ರೇಲಿ ವಸಾಹತುಗಾರರ ಸಂಖ್ಯೆ ಸುಮಾರು ಒಂದು ಲಕ್ಷವಿದ್ದುದು, ಪೂರ್ವ ಜೆರೂಸಲೇಮನ್ನು ಬಿಟ್ಟೂ ಈಗ ಐದು ಲಕ್ಷದ ಸುಮಾರಿಗೆ ಏರಿದೆ. ಇತ್ತ ಹಮಾಸ್ ಮುಂತಾದ ಪಂಗಡಗಳ ಆತ್ಮಾಹುತಿ ದಾಳಿಗಳು ಇಸ್ರೇಲಿ ಜನತೆಯ ವಿಶ್ವಾಸವನ್ನು ಅಳಿಸಿದುವು. ೧೯೯೫ರ ನವೆಂಬರ್ ೪ರಂದು ರಬೀನ್ ಅವರೇ ತಮ್ಮ ದೇಶದ ಒಬ್ಬ ಯಹೂದಿ ತೀವ್ರವಾದಿಯ ಗುಂಡಿಗೆ ಬಲಿಯಾದರು. ೨೦೦೦ದ ಕ್ಯಾಂಪ್ ಡೇವಿಡ್, ೨೦೦೩ರ ಮಾರ್ಗಸೂಚಿ, ೨೦೦೭ರ ಅನಾಪೊಲಿಸ್, ೨೦೧೩–೧೪ರ ಕೆರಿ ಅವರ ಸಂಧಾನ, ಎಲ್ಲವೂ ಇದೇ ಐದು ಪ್ರಶ್ನೆಗಳ ಮುಂದೆ ನಿಂತುಹೋದುವು.

೪

ಮುಂಬಯಿಯ ಕನ್ನಡಿಗರಿಗೆ ಈ ಸಂಗತಿ ಕೇವಲ ಪರದೇಶದ ವಾರ್ತೆಯಲ್ಲ. ಬೆಳಗಾವಿಯ ಗಡಿ ವಿವಾದಕ್ಕೂ ಮೂರನೆಯವರ ಮೊರೆಹೊಗಲಾಯಿತು. ಮಹಾರಾಷ್ಟ್ರದ ಒತ್ತಾಯದ ಮೇರೆಗೆ ೧೯೬೬ರ ಅಕ್ಟೋಬರಿನಲ್ಲಿ ನೇಮಕವಾದ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗವು ೧೯೬೭ರ ಆಗಸ್ಟಿನಲ್ಲಿ ವರದಿಯಿತ್ತು, ಬೆಳಗಾವಿ ನಗರ ಮೈಸೂರು ರಾಜ್ಯದಲ್ಲಿಯೇ ಉಳಿಯಬೇಕೆಂದಿತು. ಮೈಸೂರು ಒಪ್ಪಿತು, ಮಹಾರಾಷ್ಟ್ರ ನಿರಾಕರಿಸಿತು. ಕಾಸರಗೋಡಿನ ವಿಷಯದಲ್ಲಿ ಕೇರಳವೂ ನಿರಾಕರಿಸಿತು. ೧೯೬೯ರ ಫೆಬ್ರವರಿಯಲ್ಲಿ ಈ ಗಡಿಯ ಹೆಸರಿನಲ್ಲಿಯೇ ಮುಂಬಯಿ ಹೊತ್ತಿ ಉರಿದು ಹಲವರು ಪ್ರಾಣ ತೆತ್ತರು. ೨೦೦೪ರಲ್ಲಿ ಮಹಾರಾಷ್ಟ್ರ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಸೋತವನು ಒಪ್ಪದ ತೀರ್ಪಿನಿಂದ ವಿವಾದ ಮುಗಿಯುವುದಿಲ್ಲವೆಂಬುದನ್ನು ನಾವು ಬಲ್ಲೆವು.

ಆದರೆ ಈ ಹೋಲಿಕೆಯನ್ನು ದೂರ ಎಳೆಯಲಾಗದು. ಇಲ್ಲಿ ವಾದಿ ಪ್ರತಿವಾದಿಗಳಿಬ್ಬರೂ ಒಂದೇ ಸಂವಿಧಾನದ ಕೆಳಗಿನ ಸಮಾನ ರಾಜ್ಯಗಳು. ಬೆಳಗಾವಿಯ ಮರಾಠಿಗನಿಗೂ ದಾದರಿನ ಕನ್ನಡಿಗನಿಗೂ ಮತದ ಹಕ್ಕುಂಟು, ನ್ಯಾಯಾಲಯವುಂಟು. ಗಡಿ ಎಲ್ಲಿ ಬಿದ್ದರೂ ಅವನ ಪೌರತ್ವಕ್ಕೆ ಚ್ಯುತಿಯಿಲ್ಲ. ಆದುದರಿಂದಲೇ ನಮ್ಮ ವಿವಾದ ದಶಕಗಳ ಕಾಲ ಇತ್ಯರ್ಥವಾಗದೆಯೂ ನಾವು ನೆರೆಹೊರೆಯವರಾಗಿ ಬಾಳಿದ್ದೇವೆ. ಪಶ್ಚಿಮ ದಂಡೆಯ ಅಥವಾ ಗಾಜಾದ ನಿವಾಸಿಗೆ ಈ ಆಸರೆಯಿಲ್ಲ. ಕಾಯುವಿಕೆಯ ಪ್ರತಿಯೊಂದು ವರ್ಷವೂ ಅವನ ಪಾಲಿಗೆ ನಷ್ಟವೇ.

೫

೨೦೨೦ರ ಸೆಪ್ಟೆಂಬರಿನಲ್ಲಿ ಅಮೇರಿಕದ ಮಧ್ಯಸ್ಥಿಕೆಯಿಂದ ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಬಹ್ರೈನ್ ಇಸ್ರೇಲಿನೊಡನೆ ಒಡಂಬಡಿಕೆ ಮಾಡಿಕೊಂಡುವು. ರಾಷ್ಟ್ರ ರಾಷ್ಟ್ರಗಳ ನಡುವೆ ಆ ಮಧ್ಯಸ್ಥನು ಇನ್ನೂ ಸಮರ್ಥನೆಂದು ಇದು ತೋರಿಸಿತು. ಪ್ಯಾಲೆಸ್ಟೈನಿಗರನ್ನು ಬದಿಗಿಟ್ಟೂ ಶಾಂತಿ ಸಾಧ್ಯವೆಂಬ ಭ್ರಮೆಯನ್ನೂ ಬೆಳೆಸಿತು. ೨೦೨೩ರ ಅಕ್ಟೋಬರ್ ೭ರಂದು ಹಮಾಸ್ ನಡೆಸಿದ ಹತ್ಯಾಕಾಂಡದಲ್ಲಿ ಸುಮಾರು ೧,೨೦೦ ಜನ ಸತ್ತರು, ಸುಮಾರು ೨೫೦ ಜನ ಒತ್ತೆಯಾಳುಗಳಾದರು. ಅದನ್ನು ಹಿಂಬಾಲಿಸಿದ ಯುದ್ಧದಲ್ಲಿ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ, ಮಡಿದವರು ೬೦,೦೦೦ಕ್ಕೂ ಹೆಚ್ಚು.

೨೦೨೫ರ ಅಕ್ಟೋಬರ್ ೧೦ರಂದು ಜಾರಿಗೆ ಬಂದ ಯುದ್ಧವಿರಾಮಕ್ಕೆ ಅಮೇರಿಕದ ಒತ್ತಡವೇ ಪ್ರಧಾನ ಕಾರಣವಾಯಿತು. ಈಜಿಪ್ತ್, ಕತಾರ್ ಮತ್ತು ತುರ್ಕಿಗಳು ಜತೆಗೂಡಿದುವು. ಒತ್ತೆಯಾಳುಗಳ ಬಿಡುಗಡೆ ಸಣ್ಣ ಸಾಧನೆಯಲ್ಲ. ಆದರೆ ಆ ಯೋಜನೆಯನ್ನು ಅನುಮೋದಿಸಿದ ಭದ್ರತಾ ಮಂಡಲಿಯ ೨೮೦೩ನೆಯ ನಿರ್ಣಯವು, ಪ್ಯಾಲೆಸ್ಟೈನಿನ ಸ್ವನಿರ್ಣಯಕ್ಕೂ ರಾಷ್ಟ್ರತ್ವಕ್ಕೂ ದಾರಿ ತೆರೆಯುವ ಪರಿಸ್ಥಿತಿ ಒದಗಬಹುದೆಂದು ಹೇಳುತ್ತದೆಯೇ ಹೊರತು, ಅದಕ್ಕೆ ದಿನವನ್ನು ಗೊತ್ತುಪಡಿಸುವುದಿಲ್ಲ. ಆಸ್ಲೋ ಕರಾರಿನಲ್ಲಿ ಐದು ವರ್ಷಗಳ ಗಡುವಾದರೂ ಇತ್ತು.

ಅಮೇರಿಕವನ್ನು ಬಿಟ್ಟು ಈ ಸಂಧಾನ ನಡೆಯದು; ಇಸ್ರೇಲಿಗೆ ನೆಲ ಬಿಡುವ ಧೈರ್ಯ ಕೊಡಬಲ್ಲ ಹೊಣೆಗಾರ ಬೇರೊಬ್ಬನಿಲ್ಲ. ಆದರೆ ಆ ಹೊಣೆಗಾರಿಕೆ ಈವರೆಗೆ ಒಂದು ಪಕ್ಷಕ್ಕೆ ಮಾತ್ರ ದೊರೆತಿದೆ. ಇಸ್ರೇಲಿನ ಭದ್ರತೆಗೆ ಕೊಟ್ಟಂತಹ ಲಿಖಿತ ಭರವಸೆಯನ್ನು ಪ್ಯಾಲೆಸ್ಟೈನಿನ ನೆಲಕ್ಕೂ ಗಡುವಿನೊಡನೆ ಕೊಡುವವರೆಗೆ, ಪ್ರತಿಯೊಂದು ಯುದ್ಧವಿರಾಮವೂ ಮುಂದಿನ ಯುದ್ಧದವರೆಗಿನ ಬಿಡುವಾಗಿಯೇ ಉಳಿಯುವ ಭಯವುಂಟು.